ಬ್ಯಾಟರಿ ನೀರು ಮೂರೇ ವಾರಕ್ಕೆ ಖಾಲಿ, ಮುಟ್ಟಿದರೆ ಬಿಸಿ. ಆ್ಯಸಿಡ್ ಹಾಕಿಸಬೇಕಾ?

ಕಾಳಿ ದಂಡೆ, ಕಾರವಾರ
ಏಪ್ರಿಲ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಡವಾಡದಲ್ಲಿ. ಎರಡು ವರ್ಷದ ಹಿಂದೆ ಮನೆ ಕಟ್ಟಿದಾಗ ಇನ್ವರ್ಟರ್ ಜೊತೆ 150 ಆಂಪ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಹಾಕಿಸಿದ್ದೆ. ಮೊದಲ ವರ್ಷ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ನೋಡಿದರೆ ಎಮ್ಮೆ ಸಾಕಿದ ಹಾಗಾಗಿದೆ, ಅಷ್ಟು ನೀರು ಕುಡಿಯುತ್ತದೆ. ಮಾರ್ಚ್ 19ಕ್ಕೆ ಗುರುತಿನವರೆಗೆ ತುಂಬಿಸಿದ್ದೆ. ಇವತ್ತು ಆರೂ ಮುಚ್ಚಳದ ಕಡ್ಡಿ ಕೆಳಗೆ ಕೂತಿತ್ತು. ಮತ್ತೆ ತುಂಬಿಸಿದೆ, ಎರಡು ಲೀಟರ್ ಹಿಡಿಯಿತು.

ಬದಿ ಮುಟ್ಟಿದರೆ ಬಿಸಿ ಬಿಸಿ. ಗೂಡಿನ ಬಾಗಿಲು ತೆಗೆದರೆ ಮೂಗಿಗೆ ಖಾರ ಹೊಡೆಯುತ್ತದೆ. ಅಮ್ಮ "ಮೊಟ್ಟೆ ಕೊಳೆತಿದ್ಯಾ ನೋಡು" ಅಂತಾರೆ.

ಅಂಗಡಿಯ ಹುಡುಗನನ್ನು ಕರೆಸಿದೆ. ಹೈಡ್ರೋಮೀಟರ್ (ಆ್ಯಸಿಡ್ ನೀರಿಗಿಂತ ಎಷ್ಟು ಗಟ್ಟಿ ಅಂತ ಅಳೆಯುವ ಕೊಳವೆ, ಆ ಅಳತೆಗೇ ಗ್ರ್ಯಾವಿಟಿ ಅನ್ನೋದು) ಹಾಕಿ 1.225 ತೋರಿಸಿದ. "ಗ್ರ್ಯಾವಿಟಿ ಇಳಿದಿದೆ ಸರ್, ಚಾರ್ಜ್ ಸಾಕಾಗ್ತಿಲ್ಲ, ಆ್ಯಸಿಡ್ ಹಾಕೋಣ" ಅಂದ. ಹಾಕಿಸಲಾ? ಬ್ಯಾಟರಿಯೇ ಹೋಯಿತಾ? ಕೈಗಾ ಅಣುಸ್ಥಾವರದ 1ನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತು. ಅದರ ಪಕ್ಕದಲ್ಲೇ ಇರುವ ನಮಗೆ 962 ನಿಮಿಷ ಕರೆಂಟು ಒಂದೇ ಸಮ ಇದ್ದರೆ ಹಬ್ಬ. ಇನ್ವರ್ಟರ್ ಇಲ್ಲದೆ ಆಗೋದಿಲ್ಲ.

ಗಂಗಾವಳಿ, ಅಂಕೋಲಾ
ಏಪ್ರಿಲ್ 9, ರಾತ್ರಿ 10:05

ಸುಮ್ನೆ ತಲೆ ಕೆಡಿಸ್ಕೋಬೇಡಿ. ಬ್ಯಾಟರಿ ಮೇಲೆ ಒದ್ದೆ ಗೋಣಿಚೀಲ ಹಾಕಿ. ನಮ್ಮ ಪಕ್ಕದ ಮನೆಯಲ್ಲಿ ಹಾಗೇ ಮಾಡ್ತಾರೆ.

ಬ್ಯಾಟರಿ ಮಾವ, ಕುಮಟಾ
ಏಪ್ರಿಲ್ 9, ರಾತ್ರಿ 10:30

ಗೋಣಿಚೀಲ ಬೇಡ. ಎರಡು ಟರ್ಮಿನಲ್ ಮಧ್ಯೆ ಒದ್ದೆ ಬಟ್ಟೆ ಹಾಸಿದರೆ ಕರೆಂಟು ಅಲ್ಲೇ ಸೋರುತ್ತದೆ, ಕ್ಲಾಂಪು ಹಸಿರು ಹಿಡಿಯುತ್ತದೆ. ಮುಚ್ಚಳದ ತೂತು ಮುಚ್ಚಿಹೋದರೆ ಒಳಗಿನ ಗಾಳಿ ಹೊರಗೆ ಬರೋದಕ್ಕೂ ದಾರಿ ಇಲ್ಲ.

ತಮ್ಮಾ, ಆ್ಯಸಿಡ್ ಒಂದು ಹನಿಯೂ ಹಾಕಿಸಬೇಡ. ಒಳಗಿಂದ ಹಾರಿಹೋಗಿದ್ದು ನೀರು, ಆ್ಯಸಿಡ್ ಎಲ್ಲಿಗೂ ಹೋಗಿಲ್ಲ. ಚೆಲ್ಲಿದ್ದರೆ ಮಾತು ಬೇರೆ. 25 ವರ್ಷ ಇದೇ ಕೆಲಸ ಮಾಡಿದವ ನಾನು, ಹೀಗೆ ಆ್ಯಸಿಡ್ ಹಾಕಿಸಿಕೊಂಡು ಪ್ಲೇಟು ತಿನ್ನಿಸಿಕೊಂಡ ಬ್ಯಾಟರಿ ಎಷ್ಟು ಬಂದಿವೆಯೋ ಲೆಕ್ಕವಿಲ್ಲ.

ಈಗ ಒಂದು ಕೆಲಸ ಮಾಡು. ಆ ವಾಸನೆ ಇರುವಾಗ ಬ್ಯಾಟರಿ ಹತ್ತಿರ ಯಾವ ಸ್ವಿಚ್ಚೂ ಮುಟ್ಟಬೇಡ, ಕ್ಲಾಂಪ್ ಎಳೆಯಬೇಡ. ಮೊದಲು ಗೂಡಿನ ಬಾಗಿಲು, ಕಿಟಕಿ ಎಲ್ಲ ತೆರೆದು ಸ್ವಲ್ಪ ಹೊತ್ತು ಬಿಡು. ಆಮೇಲೆ ದೂರದ ಮೇನ್ ಬೋರ್ಡಿನಲ್ಲಿ ಇನ್ವರ್ಟರಿನ ಲೈನ್ ಬಂದ್ ಮಾಡು. ಬೆಳಿಗ್ಗೆಯವರೆಗೆ ಚಾರ್ಜ್ ಬೇಡ.

ಬೆಳಿಗ್ಗೆ ಇಷ್ಟು ಹೇಳು. ಆ ಗೂಡು ಎಲ್ಲಿದೆ? ಆರೂ ಸೆಲ್ಲಿನ ಗ್ರ್ಯಾವಿಟಿ ಬೇರೆ ಬೇರೆಯಾಗಿ ಎಷ್ಟು? ಬ್ಯಾಟರಿ ಮೈ ಎಷ್ಟು ಡಿಗ್ರಿ? ಕೈ ಇಟ್ಟು ಹೇಳಬೇಡ, ಮೀಟರ್ ಇಟ್ಟು ಹೇಳು.

ಹುಲೇಕಲ್ ಭಾವ, ಶಿರಸಿ
ಏಪ್ರಿಲ್ 10, ಬೆಳಿಗ್ಗೆ 6:50

ನಮ್ಮ ಮನೆಯಲ್ಲೂ 150ರದ್ದೇ, ಸೋಲಾರ್ ಮೇಲೆ ಓಡುತ್ತದೆ. ನಾಲ್ಕನೇ ವರ್ಷ. ಆರು ತಿಂಗಳಿಗೊಮ್ಮೆ ನೋಡಿದರೂ ನೀರು ಇಳಿದಿರೋದಿಲ್ಲ. ಕಾರವಾರದವರು ಬ್ಯಾಟರಿಗೂ ಮೀನು ಸಾರು ಹಾಕ್ತೀರೇನೋ.

ಕಾಳಿ ದಂಡೆ
ಏಪ್ರಿಲ್ 10, ಸಂಜೆ 7:15

ಭಾವ, ಸಾರು ಹಾಕಿದ್ದರೆ ಇಷ್ಟು ಬಾಯಾರಿಕೆ ಆಗುತ್ತಿರಲಿಲ್ಲ, ನಮ್ಮಲ್ಲಿ ಸಾರಿಗೆ ಉಪ್ಪು ಹದವಾಗೇ ಇರುತ್ತೆ.

ಮಾವ, ಗೂಡು ಇರುವುದು ಮೆಟ್ಟಿಲ ಕೆಳಗೆ. ಹಿಂದಿನ ಗೋಡೆ ಪಡುವಣದ್ದು, ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೆ ಬಿಸಿಲು. ಮೊದಲು ಬಾಗಿಲು ಇರಲಿಲ್ಲ. ಕಳೆದ ದೀಪಾವಳಿಗೆ ಚಂದ ಕಾಣಲಿ ಅಂತ ಬಡಿಗರನ್ನು ಕರೆಸಿ ಪ್ಲೈವುಡ್ ಬಾಗಿಲು ಮಾಡಿಸಿದೆ. ಪಾಪ ಅವರು ಎಷ್ಟು ನೀಟಾಗಿ ಕೂರಿಸಿದ್ದಾರೆ ಅಂದರೆ ಜಿರಳೆಗೂ ದಾರಿ ಇಲ್ಲ.

ಫ್ರೆಂಡ್ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್, ಮಲ್ಟಿಮೀಟರ್, ಕ್ಲಾಂಪ್ ಮೀಟರ್ ಎಲ್ಲ ತಂದೆ. ಚಾರ್ಜ್ ಬಂದ್ ಇದ್ದರೂ ಬೆಳಿಗ್ಗೆ 6 ಗಂಟೆಗೆ ಹಾಲ್ 27 ಡಿಗ್ರಿ, ಬ್ಯಾಟರಿ ಬದಿ 38. ಹಗಲು ಬಾಗಿಲು ತೆರೆದಿಟ್ಟೇ ಮತ್ತೆ ಚಾರ್ಜ್ ಹಾಕಿದೆ. ಸಂಜೆ 4ಕ್ಕೆ 43. ಆಗ ವೋಲ್ಟೇಜ್ 14.4, ಕರೆಂಟ್ 2 ಆಂಪ್. ಹಗಲಿಡೀ ಅಲ್ಲೇ ನಿಂತಿದೆ, ಇಳಿಯುವುದೇ ಇಲ್ಲ. ಗ್ರ್ಯಾವಿಟಿ ಐದರಲ್ಲಿ 1.225, ಒಂದರಲ್ಲಿ ಮಾತ್ರ 1.220.

ಇನ್ನೊಂದು ವಿಷಯ ಹೇಳೋದು ಮರೆತಿದ್ದೆ. ಮಾರ್ಚ್ 19ಕ್ಕೂ ಅದೇ ಹುಡುಗ ಬಂದಿದ್ದ. ಆಗಲೂ ಗ್ರ್ಯಾವಿಟಿ ಕಡಿಮೆ ಅಂದು ಇನ್ವರ್ಟರ್ ಹಿಂದಿನ, ಚಾರ್ಜ್ ಹೆಚ್ಚುಕಡಿಮೆ ಮಾಡುವ ಸಣ್ಣ ಸ್ವಿಚ್ ಒಂದು ಹಂತ ಮೇಲೆ ಮಾಡಿ ಹೋಗಿದ್ದ.

ಬ್ಯಾಟರಿ ಮಾವ
ಏಪ್ರಿಲ್ 10, ರಾತ್ರಿ 9:20

ಸಿಕ್ಕಿತು ನೋಡು.

ಮೊದಲು ನನಗಿದ್ದ ಹೆದರಿಕೆ ಒಂದು ಸೆಲ್ ಶಾರ್ಟ್ ಆಗಿದೆಯೇನೋ ಅಂತ. ಹಾಗಾದರೆ ಆರು ಸೆಲ್ಲಿನ 14.4 ವೋಲ್ಟ್ ಐದರ ಮೇಲೆ ಬೀಳುತ್ತದೆ, ತಲಾ 2.88. ಐದೂ ಸೆಲ್ ಅನ್ನದ ಪಾತ್ರೆ ಹಾಗೆ ಕುದಿಯುತ್ತವೆ. ಅಂಥದ್ದಕ್ಕೆ ಚಾರ್ಜ್ ಹಾಕಲೇಬಾರದು. ನಿನ್ನ ಆರೂ ಸೆಲ್ ಅಣ್ಣತಮ್ಮಂದಿರ ಹಾಗೆ ಒಂದೇ ಸಮ ಇವೆ. ಬ್ಯಾಟರಿ ಚೆನ್ನಾಗಿಯೇ ಇದೆ.

ಇನ್ನು ಆ 1.225. ಹೈಡ್ರೋಮೀಟರಿನ ಲೆಕ್ಕ ನಮ್ಮಲ್ಲಿ 27 ಡಿಗ್ರಿಗೆ. ಬಿಸಿಯಾದರೆ ಆ್ಯಸಿಡ್ ಹಿಗ್ಗುತ್ತದೆ, ತೆಳ್ಳಗಾದ ಹಾಗೆ ಕಾಣುತ್ತದೆ. ಒಂದು ಡಿಗ್ರಿಗೆ 0.0007 ಸೇರಿಸಬೇಕು. ನಿನ್ನದು 43, ಅಂದರೆ 16 ಡಿಗ್ರಿ ಜಾಸ್ತಿ, ಸೇರಿಸುವುದು 0.011. ನಿಜವಾದ ಗ್ರ್ಯಾವಿಟಿ 1.236. ಇಂಥ ಟ್ಯೂಬುಲರ್‌ಗೆ ತುಂಬಿದಾಗ 1.240 ಇರಬೇಕು, ಹೆಚ್ಚುಕಡಿಮೆ 0.005. ನಿನ್ನೆ ನೀನು ನೀರು ಬೇರೆ ತುಂಬಿಸಿದ್ದೀಯ. ಅಂದರೆ ಬ್ಯಾಟರಿಯ ಹೊಟ್ಟೆ ತುಂಬಿದೆ! ಹೊಟ್ಟೆ ತುಂಬಿದವನಿಗೆ ಹಸಿವಾಗಿದೆ ಅಂದುಕೊಂಡು ಆ ಹುಡುಗ ಇನ್ನೂ ಬಡಿಸಿದ್ದಾನೆ. ತಿಂದಷ್ಟೂ ಬಿಸಿ, ಬಿಸಿಯಾದಷ್ಟೂ ಗ್ರ್ಯಾವಿಟಿ ಕಡಿಮೆ ತೋರಿಸುತ್ತದೆ, ಕಡಿಮೆ ತೋರಿಸಿದಷ್ಟೂ ಇನ್ನಷ್ಟು ಬಡಿಸುವುದು. ಅವನನ್ನು ಬೈಯಬೇಡ, ಥರ್ಮಾಮೀಟರ್ ಯಾರೂ ಅವನ ಕೈಗೆ ಕೊಟ್ಟಿಲ್ಲ.

ಈಗ ವೋಲ್ಟೇಜ್ ವಿಷಯ. 14.4 ತಪ್ಪಲ್ಲ, ಆದರೆ ಅದು 25 ಡಿಗ್ರಿಯ ಲೆಕ್ಕ. ಬಿಸಿ ಏರಿದ ಹಾಗೆ ಅದನ್ನು ಇಳಿಸಬೇಕು. ಒಂದು ಸೆಲ್ಲಿಗೆ, ಒಂದು ಡಿಗ್ರಿಗೆ 3ರಿಂದ 5 ಮಿಲಿವೋಲ್ಟ್. ನಾನು 4 ಹಿಡಿಯುತ್ತೇನೆ. ಆರು ಸೆಲ್ಲಿಗೆ 24. 35 ಡಿಗ್ರಿಯಾದರೆ 14.16 ಸಾಕು. ನಿನ್ನ 43ಕ್ಕೆ 13.97. ನೀನು ಕೊಡುತ್ತಿರುವುದು 14.4. ಅರ್ಧ ವೋಲ್ಟಿಗೂ ಕಡಿಮೆ ವ್ಯತ್ಯಾಸ, ಅದೇನು ಮಹಾ ಅನ್ನಿಸಬಹುದು. ಬ್ಯಾಟರಿ ಲೋಕದಲ್ಲಿ ಅರ್ಧ ವೋಲ್ಟು ಅಂದರೆ ಒಂದು ದೊಡ್ಡ ಊರು.

ಮತ್ತೆ ಇಳಿಯುವುದೇ ಇಲ್ಲ ಅಂದೆಯಲ್ಲ. ಚಾರ್ಜರ್‌ಗೆ ಬ್ಯಾಟರಿ ತುಂಬಿತು ಅಂತ ಗೊತ್ತಾಗುವುದು ಕರೆಂಟ್ ಕಡಿಮೆಯಾದಾಗ. ಆಗ ಅದು 14.4 ಬಿಟ್ಟು 13.6ರ ಆಜುಬಾಜು ಫ್ಲೋಟ್‌ಗೆ, ಅಂದರೆ ತುಂಬಿದ್ದನ್ನು ತುಂಬಿದ ಹಾಗೇ ಇಡುವ ಕಡಿಮೆ ವೋಲ್ಟೇಜಿಗೆ, ಇಳಿಯುತ್ತದೆ. ಬಿಸಿ ಬ್ಯಾಟರಿ ಅದೇ ವೋಲ್ಟೇಜಿನಲ್ಲಿ ಜಾಸ್ತಿ ಕರೆಂಟ್ ಎಳೆಯುತ್ತದೆ. ಸುಮಾರು ಹತ್ತು ಡಿಗ್ರಿಗೆ ದುಪ್ಪಟ್ಟು. ಕರೆಂಟ್ ಇಳಿಯದೆ ಇದ್ದರೆ ಚಾರ್ಜರ್ "ಇನ್ನೂ ತುಂಬಿಲ್ಲ" ಅಂದುಕೊಂಡು ನಿಲ್ಲಿಸುವುದೇ ಇಲ್ಲ.

ಅಕ್ಕೋರು, ಹೊನ್ನಾವರ
ಏಪ್ರಿಲ್ 10, ರಾತ್ರಿ 10:10

ಮಾವ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಫಿಸಿಕ್ಸ್ ಪಾಠ ಮಾಡುವವಳು, ಸುಮ್ನಿರೋಕೆ ಆಗೋದಿಲ್ಲ.

ತುಂಬಿದ ಬ್ಯಾಟರಿಗೆ ಹೋಗುವ ಕರೆಂಟು ಹೆಚ್ಚುಕಡಿಮೆ ಎಲ್ಲ ನೀರನ್ನು ಒಡೆಯುವುದಕ್ಕೇ ಖರ್ಚಾಗುತ್ತದೆ. ಒಂದು ಸೆಲ್ಲಿನಲ್ಲಿ 1 ಆಂಪ್-ಅವರ್‌ಗೆ ಒಂದು ಗ್ರಾಂನ ಮೂರನೇ ಒಂದು ಪಾಲು ನೀರು ಹೋಗುತ್ತದೆ. ಇವರದು 2 ಆಂಪ್. 24 ಗಂಟೆಗೆ 48. ಆರು ಸೆಲ್ಲಿಗೆ 288. ಮೂರರಿಂದ ಭಾಗಿಸಿ, 96 ಗ್ರಾಂ. ಮಾರ್ಚ್ 19ರಿಂದ ಏಪ್ರಿಲ್ 9, ಅಂದರೆ 21 ದಿನ. ಗುಣಿಸಿದರೆ 2016 ಗ್ರಾಂ. ಇವರು ಹಾಕಿದ್ದು ಎರಡು ಲೀಟರ್! ಕ್ಲಾಸಿನಲ್ಲಿ ಒಂದು ದಿನವೂ ನನ್ನ ಪ್ರಯೋಗ ಇಷ್ಟು ಸರಿಯಾಗಿ ಬಂದಿಲ್ಲ.

ಖುಷಿಪಡುವ ವಿಷಯ ಇಲ್ಲಿಗೆ ಮುಗಿಯಿತು. ಅದೇ 288ಕ್ಕೆ ದಿನಕ್ಕೆ ಸುಮಾರು 120 ಲೀಟರ್ ಹೈಡ್ರೋಜನ್ ಹುಟ್ಟುತ್ತದೆ. ಗಾಳಿಯಲ್ಲಿ ಅದು 4 ಶೇಕಡಾ ದಾಟಿದರೆ ಒಂದು ಕಿಡಿ ಸಾಕು. ಗೂಡು ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದ, ಎರಡು ಮೀಟರ್ ಎತ್ತರ ಅಂತಿಟ್ಟುಕೊಳ್ಳಿ. ಒಳಗೆ 2000 ಲೀಟರ್ ಗಾಳಿ. ಅದರ 4 ಶೇಕಡಾ 80 ಲೀಟರ್. ಗೂಡಿನಿಂದ ಏನೂ ಸೋರದಿದ್ದರೆ 16 ಗಂಟೆ ಸಾಕು. ಯಾವ ಗೂಡೂ ಅಷ್ಟು ಭದ್ರ ಇರೋದಿಲ್ಲ ನಿಜ. ಆದರೆ ಜಿರಳೆಗೂ ದಾರಿ ಇಲ್ಲ ಅಂದಿರಲ್ಲ, ಅದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಹೈಡ್ರೋಜನ್ ಹಗುರ, ಮೇಲಕ್ಕೆ ಹೋಗಿ ಮೆಟ್ಟಿಲ ಅಡಿಗೆ ನಿಲ್ಲುತ್ತದೆ. ಕೆಳಗೆ ನಾಲ್ಕು ತೂತು ಕೊರೆದರೆ ಉಪಯೋಗ ಇಲ್ಲ, ಮೇಲೂ ಬೇಕು.

ಅಮ್ಮನವರ ಮೂಗನ್ನು ನಂಬಿ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ನಿನದಲ್ಲ, ಅದಕ್ಕೆ ವಾಸನೆಯೇ ಇಲ್ಲ. ಅದು ಹೈಡ್ರೋಜನ್ ಸಲ್ಫೈಡ್. ವಿಷದ ಗಾಳಿ. ಬ್ಯಾಟರಿ ಮಿತಿಮೀರಿ ಚಾರ್ಜ್ ಆದಾಗ ಬರುತ್ತದೆ.

ತದಡಿ ಬೋಟ್
ಏಪ್ರಿಲ್ 11, ಬೆಳಿಗ್ಗೆ 5:30

ಕಿಡಿ ಅಂದಿದ್ದಕ್ಕೆ ನೆನಪಾಯ್ತು. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಬಂದ್ ಇರುವಾಗ ನಾವು ಬ್ಯಾಟರಿ ಬಿಚ್ಚಿ ಮನೆಗೆ ತರುತ್ತೇವೆ. ಒಂದು ವರ್ಷ ಮಳೆ ಅಂತ ಕೋಣೆಯೊಳಗೆ ಚಾರ್ಜಿಗೆ ಹಾಕಿ, ಬಾಗಿಲು ಹಾಕಿ ಊಟಕ್ಕೆ ಹೋದೆವು. ಬಂದು ಚಾರ್ಜರ್ ಆನ್ ಇದ್ದ ಹಾಗೇ ಕ್ಲಿಪ್ ಎಳೆದೆ. ಪಟಾಕಿ ಹಾಗೆ ಸದ್ದು. ಮೇಲಿನ ಮುಚ್ಚಳ ಎರಡು ತುಂಡು. ಮುಖ ಆಚೆ ತಿರುಗಿಸಿದ್ದೆ, ಕಣ್ಣು ಉಳಿಯಿತು. ಕೊಡದಲ್ಲಿದ್ದ ನೀರನ್ನು ಹಾಗೇ ತಲೆ ಮೇಲೆ ಸುರಿದುಕೊಂಡೆ. ಅಂಗಿ ಮಾತ್ರ ಎರಡು ದಿನಕ್ಕೆ ಜರಡಿ ಆಯ್ತು. ಮೊದಲು ಚಾರ್ಜರ್ ಬಂದ್, ಆಮೇಲೆ ಕ್ಲಿಪ್. ಈಗ ಮಕ್ಕಳಿಗೂ ಬಾಯಿಪಾಠ.

ಸೀಸನ್ನಿನಲ್ಲಿ ಇಂಜಿನ್ ಪಕ್ಕದಲ್ಲೇ ಬ್ಯಾಟರಿ. ಅಲ್ಲಿ ಎಷ್ಟು ಬಿಸಿ ಅಂದರೆ ನಾವು ಇಳಿದರೆ ಎರಡು ನಿಮಿಷ ನಿಲ್ಲೋದಿಲ್ಲ. ಎರಡು ವರ್ಷಕ್ಕೊಂದು ಬ್ಯಾಟರಿ ಹೋಗುತ್ತೆ.

ಗಂಗಾವಳಿ
ಏಪ್ರಿಲ್ 11, ಬೆಳಿಗ್ಗೆ 8:15

ಆದರೆ ಬೇಸಿಗೆಯಲ್ಲಿ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ, ಚಳಿಯಲ್ಲಿ ಕೊಂಯ್ ಕೊಂಯ್ ಅನ್ನುತ್ತೆ. ಹಾಗಾದರೆ ಬ್ಯಾಟರಿಗೆ ಬಿಸಿ ಒಳ್ಳೇದೇ ಅಲ್ವಾ?

ಬ್ಯಾಟರಿ ಮಾವ
ಏಪ್ರಿಲ್ 11, ಬೆಳಿಗ್ಗೆ 9:00

ಒಳ್ಳೆ ಪ್ರಶ್ನೆ. ಗೋಣಿಚೀಲ ಮಾಫ್.

ಬಿಸಿಯಲ್ಲಿ ಬ್ಯಾಟರಿ ಜಾಸ್ತಿ ಕೊಡುತ್ತದೆ, ನಿಜ. ಅದರಿಂದಲೇ ಜನ ಮೋಸ ಹೋಗುವುದು. ಒಳಗೆ ಪ್ಲೇಟು ಸವೆಯುವುದೂ ಅಷ್ಟೇ ಜೋರು. 25ರ ಮೇಲೆ ಎಂಟು-ಹತ್ತು ಡಿಗ್ರಿ ಜಾಸ್ತಿಯಲ್ಲೇ ಇಟ್ಟರೆ ಆಯುಷ್ಯ ಅರ್ಧ. ತದಡಿಯವರ ಎರಡು ವರ್ಷದ ಲೆಕ್ಕ ಅಲ್ಲಿಂದಲೇ ಬಂತು. ಬೇಸಿಗೆಯಲ್ಲಿ ಸತ್ತ ಬ್ಯಾಟರಿ ಮಳೆಗಾಲದಲ್ಲಿ ಗೊತ್ತಾಗುತ್ತದೆ. ನನ್ನ ಅಂಗಡಿಗೆ ಜುಲೈನಲ್ಲಿ ಬರುವ ರಷ್ ಎಲ್ಲ ಏಪ್ರಿಲ್-ಮೇ ತಿಂಗಳ ಪಾಪ.

ನೀರು ಹಾಕುವ ಬ್ಯಾಟರಿಗೆ ಒಂದು ಅನುಕೂಲ ಇದೆ. ನೀರು ಹಾರುವಾಗ ಬಿಸಿಯನ್ನೂ ಸ್ವಲ್ಪ ಕೊಂಡೊಯ್ಯುತ್ತದೆ, ನಮಗೂ ಕಣ್ಣಿಗೆ ಕಾಣುತ್ತದೆ. ಸೀಲ್ಡ್ ಬ್ಯಾಟರಿಯಲ್ಲಿ ಹುಟ್ಟಿದ ಗಾಳಿ ಒಳಗೇ ಮತ್ತೆ ನೀರಾಗುತ್ತದೆ, ಆ ಬಿಸಿಯೂ ಒಳಗೇ. ಬಿಸಿಗೆ ಕರೆಂಟು, ಕರೆಂಟಿಗೆ ಬಿಸಿ, ಹಾಗೇ ಏರುತ್ತಾ ಹೋಗಿ ಡಬ್ಬಿ ಬಸುರಿ ಹೊಟ್ಟೆಯ ಹಾಗೆ ಉಬ್ಬುತ್ತದೆ. ಉಬ್ಬಿದ ಸೀಲ್ಡ್ ಬ್ಯಾಟರಿಗೆ ಮತ್ತೆ ಚಾರ್ಜ್ ಹಾಕಬೇಡಿ. ಯಾವ ಬ್ಯಾಟರಿಯೇ ಇರಲಿ, ಮೈ 50 ಡಿಗ್ರಿ ಹತ್ತಿರ ಬಂದರೆ ಚಾರ್ಜ್ ಬಂದ್. ನಾನು 45ಕ್ಕೇ ಬಂದ್ ಮಾಡುತ್ತೇನೆ.

ಕಾಳಿ ದಂಡೆ ತಮ್ಮಾ, ಬ್ಯಾಟರಿಯನ್ನು ಆ ಗೂಡಿನಿಂದ ತೆಗಿ. ಇನ್ವರ್ಟರೂ ಅದರ ಜೊತೆಗೇ ಹೋಗಲಿ, ವಯರ್ ಉದ್ದ ಮಾಡಬೇಡ. ಲೈನ್ ಬಂದ್ ಮಾಡಿ ಮೈನಸ್ ಮೊದಲು ಬಿಚ್ಚು. 60 ಕೆಜಿ ಹತ್ತಿರ ತೂಕ, ಇಬ್ಬರು ಹಿಡಿಯಿರಿ, ವಾಲಿಸಬೇಡಿ. ಸ್ವಿಚ್ ಹಿಂದಿನ ಹಂತಕ್ಕೇ ತಾ.

ಮಾಜಾಳಿ ಡ್ರೈವರ್
ಏಪ್ರಿಲ್ 11, ಮಧ್ಯಾಹ್ನ 1:40

ನಾನು ಸೈನ್ಯದಲ್ಲಿ ಗಾಡಿ ಓಡಿಸಿದವ, ಎರಡು ಚಳಿಗಾಲ ಲೇಹದಲ್ಲಿ. ಅಲ್ಲಿ ತಲೆನೋವು ಉಲ್ಟಾ. ಖಾಲಿಯಾದ ಬ್ಯಾಟರಿಯ ಆ್ಯಸಿಡ್ ನೀರಿನ ಹಾಗೇ, ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೋದರೆ ಗಡ್ಡೆ ಕಟ್ಟುತ್ತದೆ. ತುಂಬಿದ್ದಕ್ಕೆ ಅಷ್ಟು ಚಳಿ ಏನೂ ಮಾಡುವುದಿಲ್ಲ. ಗಡ್ಡೆ ಕಟ್ಟಿದ್ದಕ್ಕೆ ಚಾರ್ಜ್ ಹಾಕಿದರೆ ಒಡೆಯುತ್ತದೆ. ಒಳಗೆ ತಂದು ಕರಗಿಸಿ, ಬಿರುಕು ನೋಡಿಯೇ ಹಾಕಬೇಕು. ಶಿರಸಿಯವರು ಡಿಸೆಂಬರಿನಲ್ಲಿ ಚಳಿ ಚಳಿ ಅನ್ನುವಾಗ ನಗು ಬರುತ್ತದೆ.

ಹುಲೇಕಲ್ ಭಾವ
ಏಪ್ರಿಲ್ 11, ರಾತ್ರಿ 8:00

ನಗಿ ನಗಿ. ನಮ್ಮ ಬ್ಯಾಟರಿ ಮಣ್ಣಿನ ಗೋಡೆಯ ಉಗ್ರಾಣದಲ್ಲಿ ತಂಪಾಗಿ ಕೂತಿದೆ, ಅಡಿಕೆ ಚೀಲದ ಪಕ್ಕ. ನೀರೂ ಬೇಡ, ಬಿಸಿಯೂ ಇಲ್ಲ. ನನಗೆ ಈ ಯಾವ ಕಿರಿಕಿರಿಯೂ ಇಲ್ಲ.

ಬ್ಯಾಟರಿ ಮಾವ
ಏಪ್ರಿಲ್ 11, ರಾತ್ರಿ 8:25

ಭಾವ, ಆರು ತಿಂಗಳು ನೀರೇ ಬೇಡ ಅಂದರೆ ಅದೂ ಅಷ್ಟು ಖುಷಿಯ ಸುದ್ದಿ ಅಲ್ಲ. ಗ್ರ್ಯಾವಿಟಿ ನೋಡಿದ್ದೀರಾ? ಸೋಲಾರ್ ಕಂಟ್ರೋಲರ್ ಎಲ್ಲಿದೆ? ಅದಕ್ಕೆ ಬ್ಯಾಟರಿಗೆ ಅಂಟಿಸುವ ಸೆನ್ಸರ್ ವಯರ್ ಇದೆಯಾ?

ಹುಲೇಕಲ್ ಭಾವ
ಏಪ್ರಿಲ್ 12, ಮಧ್ಯಾಹ್ನ 2:30

ಕಂಟ್ರೋಲರ್ ಜಗಲಿಯ ಹೊರಗೋಡೆ ಮೇಲೆ, ಮೇಲೆ ತಗಡಿನ ಶೀಟು. ಸೆನ್ಸರ್ ವಯರ್ ಬಂದಿತ್ತು, ಡಬ್ಬಿಯಲ್ಲೇ ಉಳಿದಿದೆ, ಏನು ಅಂತ ಗೊತ್ತಿರಲಿಲ್ಲ. ಇವತ್ತು ಮಾಣಿ ಥರ್ಮಾಮೀಟರ್ ಹಿಡಿದು ನೋಡಿದ. ಕಂಟ್ರೋಲರ್ 40, ಬ್ಯಾಟರಿ 25. ಗ್ರ್ಯಾವಿಟಿ 1.190. ಬ್ಯಾಟರಿ ಹತ್ತಿರ ವೋಲ್ಟೇಜ್ 14 ದಾಟಿದ್ದನ್ನು ನೋಡಲಿಲ್ಲ. ಈಗ ನನಗೂ ಕಿರಿಕಿರಿ ಶುರು.

ಬ್ಯಾಟರಿ ಮಾವ
ಏಪ್ರಿಲ್ 12, ಸಂಜೆ 4:00

ಅದೇ. ಸೆನ್ಸರ್ ವಯರ್ ಹಾಕದಿದ್ದರೆ ಕಂಟ್ರೋಲರ್ ತನ್ನ ಮೈ ಬಿಸಿಯನ್ನೇ ಬ್ಯಾಟರಿ ಬಿಸಿ ಅಂದುಕೊಳ್ಳುತ್ತದೆ. ತನಗೆ 40 ಇದೆ, 15 ಡಿಗ್ರಿಗೆ 0.36 ವೋಲ್ಟ್ ಕಡಿಮೆ ಮಾಡು ಅಂತ 14.04ಕ್ಕೆ ನಿಲ್ಲಿಸಿದೆ. ಉಗ್ರಾಣದಲ್ಲಿ ತಂಪಾಗಿ ಕೂತವನಿಗೆ ಪೂರ್ತಿ 14.4 ಬೇಕಿತ್ತು. ಡಿಸೆಂಬರಿನಲ್ಲಿ 15 ಡಿಗ್ರಿಯಾದರೆ 14.64 ಬೇಕು. ಮಳೆಗಾಲದಲ್ಲಿ ನಿಮ್ಮಲ್ಲಿ ಬಿಸಿಲೇ ಇಲ್ಲ. ವರ್ಷವಿಡೀ ಅರೆಹೊಟ್ಟೆ. ಅರೆಹೊಟ್ಟೆಯ ಬ್ಯಾಟರಿ ನೀರು ಕುಡಿಯುವುದಿಲ್ಲ, ಗಲಾಟೆಯೂ ಮಾಡುವುದಿಲ್ಲ. ಪ್ಲೇಟಿನ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತು ಸದ್ದಿಲ್ಲದೆ ಸಾಯುತ್ತದೆ.

ಡಬ್ಬಿಯಲ್ಲಿರುವ ವಯರ್ ತೆಗೆದು ಬ್ಯಾಟರಿಯ ಬದಿಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಟೇಪ್ ಹಾಕಿ ಅಂಟಿಸಿ. ಮೇಲೆ ಒಂದು ತುಂಡು ಥರ್ಮೋಕೋಲ್ ಇಡಿ, ಹೊರಗಿನ ಗಾಳಿ ತಾಗದಿರಲಿ.

ಕಾಳಿ ದಂಡೆ
ಏಪ್ರಿಲ್ 20, ರಾತ್ರಿ 9:00

ಬ್ಯಾಟರಿ, ಇನ್ವರ್ಟರ್ ಎರಡನ್ನೂ ಹಿತ್ತಿಲ ಕಡೆಯ ಜಗಲಿಗೆ ತಂದೆ. ಮೂಡಣ ಗೋಡೆ, ತೆಂಗಿನ ಮರದ ನೆರಳು, ಮಳೆ ಬಡಿಯುವುದಿಲ್ಲ. ಬಿಚ್ಚಿ ಇಟ್ಟ ದಿನ ತಣ್ಣಗಾಗಲಿ ಅಂತ ಕಾದೆ. ಮಾವ, ಅದು ಎಷ್ಟು ನಿಧಾನ! ರಾತ್ರಿಯಿಡೀ ಬಿಟ್ಟು ನೋಡಿದರೂ 33. ಈಗ ಬೆಳಿಗ್ಗೆ 29, ಸಂಜೆ 32. ಸ್ವಿಚ್ ಇಳಿಸಿದ ಮೇಲೆ 14.1ರವರೆಗೆ ಹೋಗಿ ಎರಡು ಗಂಟೆಗೆ 13.5ಕ್ಕೆ ಬಂದು ಕೂರುತ್ತದೆ. ಕರೆಂಟ್ 0.3 ಆಂಪ್. ವಾಸನೆ ಇಲ್ಲ.

ಅಕ್ಕೋರು
ಏಪ್ರಿಲ್ 20, ರಾತ್ರಿ 9:30

0.3 ಆದರೆ ಮೂರು ವಾರಕ್ಕೆ 300 ಎಂಎಲ್ ಆಸುಪಾಸು ನೀರು. ಮೇ 11ಕ್ಕೆ ಅಳೆದು ಹೇಳಿ, ಮಾರ್ಕ್ಸ್ ಕೊಡುತ್ತೇನೆ.

ಹುಲೇಕಲ್ ಭಾವ
ಮೇ 6, ಬೆಳಿಗ್ಗೆ 7:10

ಸೆನ್ಸರ್ ಅಂಟಿಸಿ ಮೂರೂವರೆ ವಾರ. ಗ್ರ್ಯಾವಿಟಿ 1.190 ಇದ್ದದ್ದು 1.225 ಆಗಿದೆ. ಥರ್ಮಾಮೀಟರ್ ಇಟ್ಟೇ ಹೇಳುತ್ತಿದ್ದೇನೆ ಮಾವ, ಆ್ಯಸಿಡ್ 27. ರಾತ್ರಿ ಹನ್ನೊಂದಕ್ಕೆ ಆರಿಹೋಗುತ್ತಿದ್ದ ಲೈಟು ಈಗ ಬೆಳಗಿನವರೆಗೆ ಇರುತ್ತದೆ. ಮೊದಲ ಸಲ ನೀರೂ ಇಳಿದಿದೆ, ಒಂದು ಬೆರಳು.

ಕಾಳಿ ದಂಡೆ
ಮೇ 11, ಸಂಜೆ 6:45

ಅಕ್ಕೋರೇ, ಅಳೆದೆ. 350 ಎಂಎಲ್. ಸಂಜೆ ಹೊತ್ತಿನ ಬಿಸಿ ಅಂತ 50 ಬಿಟ್ಟುಕೊಡಿ.

ಗೂಡು ಖಾಲಿ ಇದೆ ಅಂತ ಅಮ್ಮ ಅಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಭರಣಿ ಇಟ್ಟಿದ್ದಾರೆ.

ಬ್ಯಾಟರಿ ಮಾವ
ಮೇ 11, ಸಂಜೆ 7:00

ತೆಗಿಸು ತೆಗಿಸು. ಅಲ್ಲಿನ ಬಿಸಿಗೆ ಮಿಡಿಯೂ ಮೆತ್ತಗಾಗುತ್ತದೆ.